ತಿರುವಿನಲ್ಲಿ ನಿಲ್ಲುವವರು ಬೇಕಾಗಿದ್ದಾರೆ

ಜಮಖಂಡಿ ಸುತ್ತಿನ ಊರುಗಳ ಹಿರಿಯರಿಗೆ, ತಾಯಂದಿರಿಗೆ, ಕಾಲೇಜಿನ ಹುಡುಗ ಹುಡುಗಿಯರಿಗೆ, ಮತ್ತು ಬಾಗಲಕೋಟೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ,

ಶರಣು ಶರಣಾರ್ಥಿ.

ಸೈಕಲ್ ರೇಸಿಗೆ ಇಳಿಯುವ ಹುಡುಗರ ಬರ ನಮ್ಮ ಕಡೆ ಯಾವತ್ತೂ ಬಿದ್ದಿಲ್ಲ. ಜಾತ್ರೆಯ ರೇಸ್ ಇರಲಿ, ಕ್ಲಬ್ಬಿನ ರೇಸ್ ಇರಲಿ, ಹೆಸರು ಬರೆಸುವ ಟೇಬಲ್ಲಿನ ಮುಂದೆ ಬೆಳಗಿನ ಆರಕ್ಕೇ ಪಾಳಿ ಹಚ್ಚಿರುತ್ತಾರೆ. ಬರ ಇರುವುದು ರಸ್ತೆಯ ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲುವವರದು. ಈ ಪತ್ರ ಅವರನ್ನು ಹುಡುಕಿಕೊಂಡು ಬರೆದದ್ದು.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಭಾನುವಾರ ರೇಸ್ ಇದ್ದರೆ ನಮ್ಮೂರ ಸೈಕಲ್ ಕ್ಲಬ್ಬಿನ ಗಡಿಯಾರ ನೋಡುವವಳು. ಸೈಕಲ್ ತುಳಿಯುವುದರಲ್ಲಿ ನನಗೆ ಯಾವ ಹೆಸರೂ ಇಲ್ಲ. ಸಂತೆಗೆ ಹೋಗಿ ಬರುವಷ್ಟು ಬರುತ್ತದೆ. ಆದರೂ ಫಲಿತಾಂಶದ ಹಾಳೆಯ ಕೆಳಗಿನ ಸಹಿ ನನ್ನದು. ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ, ರೇಸ್ ನಡೆಸುವುದಕ್ಕೆ ಸೈಕಲ್ ಬರಬೇಕೆಂದೇನಿಲ್ಲ. ನಸುಕಿನಲ್ಲಿ ಏಳುವುದು, ಹೇಳಿದ ಜಾಗ ಬಿಟ್ಟು ಕದಲದೆ ಇರುವುದು, ಇವೆರಡು ಬಂದರೆ ಸಾಕು. ಎರಡನೆಯದು ಕಷ್ಟ. ಯಾಕೆಂದು ಮುಂದೆ ಹೇಳುತ್ತೇನೆ.

ವಿಜಯಪುರ, ಬಾಗಲಕೋಟೆ ಅವಳಿ ಜಿಲ್ಲೆಗಳಿಗೆ ಸೈಕಲ್ಲಿನ ಹೆಸರು ಇಂದು ನಿನ್ನೆಯದಲ್ಲ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವ ಮೊದಲಿನಿಂದಲೂ ಇದು ಸೈಕಲ್ಲಿನ ಸೀಮೆ. ವಿಜಯಪುರದಲ್ಲಿ ಕ್ರೀಡಾ ವಸತಿ ನಿಲಯ ಇದೆ, ಅತ್ತ ರಾಮದುರ್ಗ ತಾಲ್ಲೂಕಿನಲ್ಲಿ ಚಂದರಗಿಯ ಕ್ರೀಡಾ ಶಾಲೆ ಇದೆ. ಒಕ್ಕಲುತನದ ಮನೆಯ ಮಕ್ಕಳು ಈ ರಸ್ತೆಗಳ ಮೇಲೇ ಕಲಿತು ರಾಷ್ಟ್ರಮಟ್ಟದ ಪದಕ ತಂದಿದ್ದಾರೆ, ಕ್ರೀಡಾ ಕೋಟಾದಲ್ಲಿ ರೈಲ್ವೆ, ಪೊಲೀಸ್ ಎಂದು ನೌಕರಿ ಹಿಡಿದು ಮನೆಗೆ ಮಾಳಿಗೆ ಹಾಕಿಸಿದ್ದಾರೆ. ಸಭೆ ಸೇರಿದಾಗ ನಾವು ಕೇಳುವುದು ವೆಲೊಡ್ರೋಮ್ ಅನ್ನುವ ಸೈಕಲ್ ರೇಸಿನ ಸುತ್ತು ಮೈದಾನ, ಕಾರ್ಬನ್ ಸೈಕಲ್, ಒಳ್ಳೆ ಕೋಚ್, ಊಟದ ಭತ್ಯೆ. ಎಲ್ಲವೂ ಬೇಕು, ನನ್ನ ತಕರಾರಿಲ್ಲ. ಆದರೆ ರೋಡ್ ರೇಸ್ ವೆಲೊಡ್ರೋಮಿನೊಳಗೆ ನಡೆಯುವುದಿಲ್ಲ. ಅದು ನಡೆಯುವುದು ಎಮ್ಮೆ, ಟಂಟಂ, ಹಾಲಿನ ಗಾಡಿ, ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ರಸ್ತೆಯ ಮೇಲೆ. ಆ ರಸ್ತೆಯನ್ನು ಒಂದು ಬೆಳಗಿನ ಮಟ್ಟಿಗೆ ಮಕ್ಕಳಿಗೆ ಸುರಕ್ಷಿತ ಮಾಡುವುದು ಯಾವ ಅನುದಾನದಿಂದಲೂ ಆಗುವ ಕೆಲಸವಲ್ಲ. ಅಲ್ಲಿ ಜನ ನಿಲ್ಲಬೇಕು.

ಎಷ್ಟು ಜನ? 40 ಕಿಲೋಮೀಟರಿನ ಒಂದು ಸುತ್ತು ಹಿಡಿಯಿರಿ. ಊರ ಕ್ರಾಸ್‌ಗಳು, ಹೊಲಕ್ಕೆ ಇಳಿಯುವ ಬಂಡಿದಾರಿಗಳು, ಪೆಟ್ರೋಲ್ ಬಂಕ್, ಗುಡಿ, ಬಸ್ ನಿಲ್ದಾಣ, ವಾಪಸ್ ತಿರುಗುವ ಜಾಗ ಎಲ್ಲ ಎಣಿಸಿದರೆ 30 ಕಡೆಯಾದರೂ ಆಳು ಬೇಕು. ದೊಡ್ಡ ಕ್ರಾಸಿನಲ್ಲಿ ಇಬ್ಬರು. ಇದರ ಮೇಲೆ ನೀರು ಕೊಡುವವರು, ಹೆಸರು ಬರೆದುಕೊಳ್ಳುವವರು, ನಂಬರ್ ಹಚ್ಚುವವರು, ಮುಂದೊಂದು ಹಿಂದೊಂದು ಬೈಕ್ ಓಡಿಸುವವರು. ಪೊಲೀಸರು ಕೊಡುವುದು ಎರಡು ಮೂರು ಪೇದೆಗಳನ್ನು. ಅವರಿಗೂ ಭಾನುವಾರವೇ ಬಂದೋಬಸ್ತ್ ಹೆಚ್ಚು, ದೂರುವಂತಿಲ್ಲ.

ಇನ್ನು ನಮ್ಮ ಕಡೆಯ ಕಾಲಮಾನ. ಮಾರ್ಚ್ ಕಳೆದರೆ ಬಿಸಿಲು 40 ಡಿಗ್ರಿಯ ಆಜುಬಾಜು, ಎಂಟು ಗಂಟೆಗೇ ಟಾರು ಕಾಯುತ್ತದೆ. ಮಳೆಗಾಲದಲ್ಲಿ ಮಹಾರಾಷ್ಟ್ರದಿಂದ ನೀರು ಬಿಟ್ಟರೆ ಕೃಷ್ಣೆ ಉಕ್ಕಿ ನದಿದಂಡೆಯ ಊರುಗಳ ದಾರಿಯೇ ಬಂದ್ ಆಗುತ್ತದೆ. ಉಳಿದದ್ದು ನವೆಂಬರಿನಿಂದ ಫೆಬ್ರುವರಿ. ಹವೆ ಚಲೋ, ಗಾಳಿ ತಂಪು, ಹುಡುಗರ ಕಾಲಿಗೂ ಕಸುವು. ಆದರೆ ಸಕ್ಕರೆ ಕಾರ್ಖಾನೆ ನುರಿಸುವುದೂ ಅದೇ ತಿಂಗಳಲ್ಲಿ. ರೇಸಿಗೆ ಯಾವ ಹಂಗಾಮು ಬೇಕೋ ಅದೇ ಹಂಗಾಮಿನಲ್ಲಿ ರಸ್ತೆ ತುಂಬ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್. ಹೊರಗೆ ಚಾಚಿದ ಕಬ್ಬಿನ ಜಲ್ಲೆ, ಕ್ಯಾಸೆಟ್ಟಿನ ಕಾಲದಿಂದಲೂ ಇಳಿಯದ ಹಾಡಿನ ಸದ್ದು. ಹಿಂದೆ ಸೈಕಲ್ ಬಂದರೂ ಗೊತ್ತಾಗದು, ಮುಂದೆ ಶಿಳ್ಳೆ ಊದಿದರೂ ಕೇಳದು. ಬ್ರೇಕ್ ತುಳಿದರೆ ತಟ್ಟನೆ ನಿಲ್ಲುವ ವಾಹನವೂ ಅಲ್ಲ ಅದು. ಡ್ರೈವರನ ತಪ್ಪೇನಿಲ್ಲ. ಕಾರ್ಖಾನೆಯ ಪಾಳಿ ತಪ್ಪಿದರೆ ಅವನ ಇಡೀ ದಿನದ ಕೂಲಿ ಹೋಯಿತು. "ನಿಮ್ಮ ಆಟಕ್ಕ ನಮ್ಮ ಪಾಳಿ ತಪ್ಪತೈತ್ರಿ ಅಕ್ಕಾರ" ಎಂದು ಒಬ್ಬ ಮುಖಕ್ಕೇ ಹೇಳಿದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು.

ಅದಕ್ಕೇ ಹೇಳುವುದು, ಆ ಟ್ರ್ಯಾಕ್ಟರಿನ ಮುಂದೆ ಹೊರಗಿನವನೊಬ್ಬ ಕೈ ಅಡ್ಡ ಹಾಕಿದರೆ ಜಗಳವಾಗುತ್ತದೆ. ಅದೇ ಊರಿನ ಕಾಕಾ ಒಬ್ಬ ಹೋಗಿ "ತಮ್ಮಾ, ಐದ್ ನಿಮಿಷ ಬಾಜೂಕ್ ಹಾಕು, ನಮ್ಮ ಹುಡುಗರು ಬರಾಕತ್ತಾರ, ಚಾ ಕುಡಿ ಬಾ" ಅಂದರೆ ನಿಲ್ಲುತ್ತದೆ. ಊರವರು ಬರಲಿ ಎಂದು ನಾನು ಹಟ ಹಿಡಿಯುವುದು ಇದಕ್ಕೆ. ಕ್ಲಬ್ಬಿನ ಟಿ ಶರ್ಟ್ ಹಾಕಿದ ಹತ್ತು ಜನರಿಂದ ಆಗದ್ದು ಆ ಕಾಕಾನ ಒಂದು ಮಾತಿನಿಂದ ಆಗುತ್ತದೆ. ಕುರಿ ಹಿಂಡು ಅಡ್ಡ ಬಂದಾಗ, ಅರ್ಧ ರಸ್ತೆಗೆ ಗೋವಿನಜೋಳ ಒಣ ಹಾಕಿದಾಗ, ಟಾರಿನ ಮೇಲೆ ಕಬ್ಬಿನ ರವದಿ ಬಿದ್ದು ಟೈರ್ ಜಾರುವ ಹಾಗಿದ್ದಾಗಲೂ ಹೀಗೇ. ಹಿಂದಿನ ದಿನ ಸಂಜೆ ಊರವರೇ ಹೋಗಿ "ನಾಳೆ ಒಂಬತ್ತರ ತನಕ ರಾಶಿ ಆ ಕಡೆ ಸರಿಸ್ರಿ" ಅಂದರೆ ಕೆಲಸ ಮುಗಿಯಿತು. ನಾಯಿಗಳ ಮಾತು ಬೇರೆ. ಅವು ಯಾರ ಮಾತೂ ಕೇಳುವುದಿಲ್ಲ, ಅವಕ್ಕೆ ಬಿಸ್ಕಿಟ್ ಪುಡಿಕೆ ಹಿಡಿದ ಒಬ್ಬ ಹುಡುಗನನ್ನೇ ನೇಮಿಸಬೇಕು.

ತಿರುವಿನಲ್ಲಿ ನಿಲ್ಲುವವರನ್ನು ಮಾರ್ಷಲ್ ಅನ್ನುತ್ತೇವೆ. ಅವರ ಕೆಲಸ ಹೇಳುತ್ತೇನೆ. ತಿರುವಿನ ಮೇಲೆ ನಿಲ್ಲಬಾರದು, ತಿರುವಿಗಿಂತ ಮೊದಲು, ಸೈಕಲ್ಲಿನವರಿಗೆ ದೂರದಿಂದಲೇ ಕಾಣುವ ಹಾಗೆ ನಿಲ್ಲಬೇಕು. ಒಳ್ಳೆ ವೇಗದ ಗುಂಪು ಗಂಟೆಗೆ 40 ಕಿಲೋಮೀಟರ್ ಬರುತ್ತಿದ್ದರೆ ಸೆಕೆಂಡಿಗೆ 11 ಮೀಟರ್ ಆಯಿತು. ನೀವು ಬಾವುಟ ಎತ್ತಿ, ಅವರು ನೋಡಿ, ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಇಪ್ಪತ್ತು ಮೂವತ್ತು ಮೀಟರ್ ಮುಗಿದಿರುತ್ತದೆ. ಅವರೋ ಒಬ್ಬರ ಹಿಂದೊಬ್ಬರು ಗಾಲಿಗೆ ಗಾಲಿ ಹಚ್ಚಿ ಬರುತ್ತಾರೆ. ಮುಂದಿನವನ ಬೆನ್ನಿಗೆ ಗಾಳಿ ಮರೆಯಾದರೆ ಹಿಂದಿನವನಿಗೆ ಸುಮಾರು ಮೂರರಲ್ಲಿ ಒಂದು ಪಾಲು ಶ್ರಮ ಉಳಿಯುತ್ತದೆ, ಅದಕ್ಕೆ ಯಾರೂ ಸಂದು ಬಿಡುವುದಿಲ್ಲ. ಒಬ್ಬ ಬಿದ್ದರೆ ಹತ್ತು ಜನ ಬೀಳುತ್ತಾರೆ. ಈಗ ಆ ಕಷ್ಟದ ಮಾತು. ಮಾರ್ಷಲ್ ಮುಖ ಬರುವ ವಾಹನದ ಕಡೆ ಇರಬೇಕು, ಬೆನ್ನು ರೇಸಿನ ಕಡೆ. ನಿಮ್ಮ ಅಣ್ಣನ ಮಗನೇ ಮೊದಲು ಬರುತ್ತಿದ್ದರೂ ತಿರುಗಿ ನೋಡುವ ಹಾಗಿಲ್ಲ. ಕೊನೆಯ ಸೈಕಲ್ ದಾಟಿ, ಹಿಂದಿನ ಗಾಡಿಯವನು "ಮುಗೀತು" ಎಂದು ಕೈ ಮಾಡುವ ತನಕ ಜಾಗ ಬಿಡುವ ಹಾಗಿಲ್ಲ. ಬಹಳ ಜನ ತಪ್ಪುವುದು ಇಲ್ಲಿಯೇ. ಮುಂದಿನ ಗುಂಪು ಹೋದ ಕೂಡಲೇ ರೇಸ್ ಮುಗಿಯಿತೆಂದು ಹೋಟೆಲಿಗೆ ಉಪ್ಪಿಟ್ಟಿಗೆ ಹೋಗುತ್ತಾರೆ. ಹಿಂದೆ ಬಿದ್ದ ಹದಿನಾಲ್ಕರ ಹುಡುಗಿಯೊಬ್ಬಳು ಬಸ್ಸು ಲಾರಿಗಳ ನಡುವೆ ಒಬ್ಬಳೇ ಬರುತ್ತಿರುತ್ತಾಳೆ. ನನ್ನ ಕೇಳಿದರೆ ಮಾರ್ಷಲ್ ಬೇಕಿರುವುದೇ ಆ ಹುಡುಗಿಗೆ. ಮುಂದಿನವರ ಹಿಂದೆ ಹೇಗೂ ಜೀಪು, ಕ್ಯಾಮೆರಾ, ಊರೆಲ್ಲ ಇರುತ್ತದೆ.

ತೇರು ಎಳೆಯುವಾಗ ಹಗ್ಗ ಹಿಡಿಯುವವರು ಸಾವಿರ. ಗಾಲಿಗೆ ಸನ್ನೆ ಕೊಡುವವರು ನಾಲ್ಕೈದು ಜನ. ಅವರು ದೇವರ ಮುಖ ನೋಡುವುದಿಲ್ಲ, ಉತ್ತತ್ತಿ ಎಸೆಯುವುದಿಲ್ಲ, ಕಣ್ಣೆಲ್ಲ ಗಾಲಿಯ ಮೇಲೆ. ಆ ನಾಲ್ಕೈದು ಜನ ಎಂಥವರಿರಬೇಕು ಎಂದು ನಿಮ್ಮ ಊರಿನ ದೈವಕ್ಕೆ ಗೊತ್ತು. ಅಂಥವರನ್ನೇ ನಮಗೂ ಕಳಿಸಿಕೊಡಿ.

ನಮ್ಮ ಭಾಗದ ಜನಕ್ಕೆ ಕೈಜೋಡಿಸುವುದನ್ನು ನಾನು ಕಲಿಸಬೇಕಿಲ್ಲ. ಜಮಖಂಡಿಯಿಂದ ವಿಜಯಪುರದ ದಾರಿ ಹಿಡಿದರೆ ಚಿಕ್ಕಪಡಸಲಗಿಯ ಬ್ಯಾರೇಜ್ ಸಿಗುತ್ತದೆ. ಸರ್ಕಾರ ಕಟ್ಟಲಿ ಎಂದು ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು ಹಾಕಿ, ತಾವೇ ದುಡಿದು 1989ರಲ್ಲಿ ಮುಗಿಸಿದ ಶ್ರಮಬಿಂದು ಸಾಗರ ಅದು. ಅದರ ನೀರು ಕುಡಿದ ಕಬ್ಬೇ ಇವತ್ತು ಟ್ರ್ಯಾಕ್ಟರಿನಲ್ಲಿ ರಸ್ತೆಗೆ ಬಂದಿದೆ. ಕೃಷ್ಣೆಗೆ ಅಡ್ಡ ನಿಂತ ಊರುಗಳಿಗೆ ಟ್ರ್ಯಾಕ್ಟರಿಗೆ ಅಡ್ಡ ನಿಲ್ಲುವುದು ದೊಡ್ಡದಲ್ಲ. ತೊಡಕು ಇರುವುದು ರೇಸ್ ಅಂದರೆ ಕ್ಲಬ್ಬಿನವರದು, ಶ್ರೀಮಂತರ ಸೈಕಲ್ಲಿನವರದು ಎಂಬ ತಿಳಿವಳಿಕೆಯಲ್ಲಿ. ಆ ಸೈಕಲ್ ದುಬಾರಿ ಹೌದು. ಅದರ ಮೇಲೆ ಕುಳಿತವನ ಅಪ್ಪ ನಿಮ್ಮ ಹಾಗೇ ಸೊಸೈಟಿಯಲ್ಲಿ ಸಾಲ ತೆಗೆದವನು.

ಗಡಿಯಾರದ ಬಗ್ಗೆಯೂ ಎರಡು ಮಾತು, ಯಾಕೆಂದರೆ ಈ ಕೆಲಸಕ್ಕೆ ನಿಮ್ಮಲ್ಲಿನ ನಿವೃತ್ತ ಮಾಸ್ತರರು, ಬ್ಯಾಂಕಿನವರು, ಅಂಗಡಿಯ ಲೆಕ್ಕ ಬರೆಯುವವರು ಹೇಳಿ ಮಾಡಿಸಿದ ಹಾಗಿದ್ದಾರೆ. ಟೈಮ್ ಟ್ರಯಲ್ ಎಂಬ ರೇಸಿನಲ್ಲಿ ಒಬ್ಬೊಬ್ಬರನ್ನೇ ನಿಮಿಷಕ್ಕೊಬ್ಬರಂತೆ ಬಿಡುತ್ತಾರೆ. ಒಬ್ಬರು ಹಿಂದಿನಿಂದ ಸೀಟು ಹಿಡಿದು ಸೈಕಲ್ ಬೀಳದಂತೆ ನಿಲ್ಲಿಸಿರುತ್ತಾರೆ, ಇನ್ನೊಬ್ಬರು ಐದು ಬೆರಳು ಮಡಚುತ್ತ ಎಣಿಸುತ್ತಾರೆ. ಗಡಿಯಾರವನ್ನು ಒಮ್ಮೆ ಚಾಲೂ ಮಾಡಿದರೆ ರೇಸ್ ಮುಗಿಯುವ ತನಕ ನಿಲ್ಲಿಸುವುದಿಲ್ಲ. 23ನೇ ನಂಬರಿನವನು ಹೊರಡುವುದು 23ನೇ ನಿಮಿಷಕ್ಕೆ. ಅವನು ಗೆರೆ ದಾಟಿದಾಗ ಗಡಿಯಾರ 1 ಗಂಟೆ 5 ನಿಮಿಷ 40 ಸೆಕೆಂಡ್ ತೋರಿಸಿದರೆ ಅವನ ಸಮಯ 42 ನಿಮಿಷ 40 ಸೆಕೆಂಡ್. ಅವನು ತಡವಾಗಿ ಬಂದು 24ಕ್ಕೆ ಹೊರಟನೇ? ಆ ನಿಮಿಷ ಅವನದೇ ನಷ್ಟ, ಗಡಿಯಾರ ಕಾಯುವುದಿಲ್ಲ. ಗುಂಪಿನ ರೇಸಿನಲ್ಲಿ ತಕರಾರು ಬರುವುದು ಗೆರೆಯ ಮೇಲೆ. ಮುಂದಿನ ಗಾಲಿಯ ಟೈರ್ ಗೆರೆಯ ಅಂಚಿಗೆ ಮೊದಲು ಯಾರದು ಬಂತು ಎಂಬುದೇ ಲೆಕ್ಕ. ತಲೆ, ಕೈ ಮುಂದೆ ಚಾಚಿದ್ದು ಲೆಕ್ಕಕ್ಕಿಲ್ಲ. ಇದಕ್ಕೆ ಗೆರೆಯ ನೇರಕ್ಕೆ ಸ್ಟ್ಯಾಂಡಿನ ಮೇಲೆ ಮೊಬೈಲ್ ಇಟ್ಟು ವಿಡಿಯೊ ಮಾಡುವವರು ಒಬ್ಬರು, ನಂಬರ್ ಕೂಗುವವರು ಒಬ್ಬರು, ಬರೆಯುವವರು ಒಬ್ಬರು. ನೋಡುವವರೇ ಬರೆಯಲು ಹೋದರೆ ಎರಡೂ ಕೆಡುತ್ತದೆ. ಹುಡುಗರಿಗೆ ಒಂದು ಮಾತು, ನಂಬರಿನ ಹಾಳೆಯನ್ನು ಗಾಳಿ ಹಿಡಿಯಬಾರದೆಂದು ಮುದ್ದೆ ಮಾಡಿ ಹಚ್ಚಿಕೊಳ್ಳಬೇಡಿ. ಅದು 6 ಇರಲಿ 8 ಇರಲಿ, ನಾನು ಓದಿದ್ದೇ ನಿಮ್ಮ ನಂಬರ್.

ಹೆಣ್ಣುಮಕ್ಕಳ ವಿಚಾರ ನಾನು ಹೇಳದೆ ಮತ್ಯಾರು ಹೇಳಬೇಕು? ಹುಡುಗಿಯರ ವಿಭಾಗದಲ್ಲಿ ಹೆಸರು ಕಡಿಮೆ ಬಂದಾಗ ಗಂಡಸರು "ನಮ್ಮ ಕಡೆ ಕಳಸೂದಿಲ್ಲ ಬಿಡ್ರಿ" ಎಂದು ಮುಗಿಸಿಬಿಡುತ್ತಾರೆ. ಕಳಿಸುತ್ತಾರೆ. ಕಳಿಸುವ ಮೊದಲು ತಾಯಿ ಒಮ್ಮೆ ಬಂದು ನೋಡುತ್ತಾಳೆ. ಬಟ್ಟೆ ಬದಲಿಸಲು ಕೋಣೆ ಇದೆಯೇ, ಶೌಚಾಲಯಕ್ಕೆ ನೀರಿದೆಯೇ, ಬಿದ್ದರೆ ಮೈ ಮುಟ್ಟಿ ಎತ್ತುವವರಲ್ಲಿ ಒಬ್ಬ ಹೆಂಗಸಾದರೂ ಇದ್ದಾಳೆಯೇ. ಟೇಬಲ್ಲಿನಲ್ಲಿ ಇಬ್ಬರು ಹೆಂಗಸರು ಕೂತಿದ್ದು ಕಂಡರೆ ಅವಳ ಮುಖ ಸಡಿಲಾಗುತ್ತದೆ, ಅದನ್ನು ನಾನೇ ನೋಡಿದ್ದೇನೆ. ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ಸ್ವಸಹಾಯ ಸಂಘದ ಅಕ್ಕಂದಿರು, ನರ್ಸಿಂಗ್ ಓದುವ ಹುಡುಗಿಯರು, ನಿಮ್ಮಲ್ಲಿ ನಾಲ್ಕು ಜನ ಬಂದರೂ ಮುಂದಿನ ರೇಸಿನಲ್ಲಿ ಹುಡುಗಿಯರ ಪಟ್ಟಿ ಉದ್ದವಾಗುತ್ತದೆ. ಮನೆಯ ಕೆಲಸ ಯಾರು ಮಾಡಬೇಕು ಅಂತೀರೇನು? ಒಂದು ಭಾನುವಾರ ರೊಟ್ಟಿ ಗಂಡಸರೇ ತಟ್ಟಲಿ, ಅಥವಾ ಖಾನಾವಳಿಯಿಂದ ತರಲಿ.

ರಾಜಕೀಯ ಮುಖಂಡರಿಗೂ ಒಂದು ಕಳಕಳಿಯ ಮನವಿ. ಹಸಿರು ನಿಶಾನೆ ತೋರಿಸಲು ನಿಮ್ಮನ್ನು ಕರೆಯುತ್ತೇವೆ, ಏಳಕ್ಕೆ ಅಂದರೆ ಎಂಟೂವರೆಗೆ ಬರುತ್ತೀರಿ. ಆಮೇಲೆ ಶಾಲು, ಹಾರ, ಪ್ರಾಸ್ತಾವಿಕ ನುಡಿ. ಅಷ್ಟರಲ್ಲಿ ಹುಡುಗರು ಮೈ ಬಿಸಿ ಮಾಡಿಕೊಂಡಿದ್ದು ತಣ್ಣಗಾಗಿ, ಬಾಟಲಿಯ ನೀರು ಖಾಲಿಯಾಗಿ, ಬಿಸಿಲು ನೆತ್ತಿಗೇರುತ್ತಿರುತ್ತದೆ. ನಿಮಗೆ ಕಾಣದ್ದು ಇನ್ನೊಂದಿದೆ. ಅತ್ತ ಹತ್ತು ಕಿಲೋಮೀಟರ್ ದೂರದ ಕ್ರಾಸಿನಲ್ಲಿ ಆರೂವರೆಯಿಂದ ಬಾವುಟ ಹಿಡಿದು ನಿಂತ ಮುದುಕನೊಬ್ಬನಿಗೆ ರೇಸ್ ಯಾಕೆ ಬರಲಿಲ್ಲವೆಂದು ಯಾರೂ ಹೇಳಿರುವುದಿಲ್ಲ. ಅವನು ಒಮ್ಮೆ ಕಾಯುತ್ತಾನೆ, ಮುಂದಿನ ವರ್ಷ ಬರುವುದಿಲ್ಲ. ದಯವಿಟ್ಟು ಬಹುಮಾನ ಕೊಡಲು ಬನ್ನಿ, ಹುಡುಗರು ಖುಷಿಯಾಗಿರುತ್ತಾರೆ, ಭಾಷಣವನ್ನೂ ಕೇಳುತ್ತಾರೆ. ನಿಶಾನೆಯನ್ನು ನಮ್ಮ ಮಾರ್ಷಲ್‌ಗಳಲ್ಲೇ ಹಿರಿಯರೊಬ್ಬರು ತೋರಿಸಲಿ, ಏಳು ಅಂದರೆ ಏಳಕ್ಕೆ.

ಮಾನ್ಯ ವರಿಷ್ಠಾಧಿಕಾರಿಗಳೇ, ಈಗ ತಮ್ಮಲ್ಲಿ ಕೇಳುವುದು. ರಸ್ತೆಯಲ್ಲಿ ವಾಹನ ತಡೆಯುವ ಅಧಿಕಾರ ತಮ್ಮ ಇಲಾಖೆಯದು. ನಮ್ಮ ಮಾರ್ಷಲ್ ಎಚ್ಚರಿಸಬಹುದು, ವಿನಂತಿಸಬಹುದು, ಅಷ್ಟೇ. ಯಾರಾದರೂ "ನೀ ಯಾವ ಸಾಹೇಬ?" ಎಂದು ಗಾಡಿ ಮುಂದೆ ಒಯ್ದರೆ ಅವನ ಕೈಯಲ್ಲಿ ಏನೂ ಇಲ್ಲ. ಬ್ರಿಟನ್ನಿನಲ್ಲಿ ಸೈಕಲ್ ರೇಸಿನ ಮಾರ್ಷಲ್‌ಗಳಿಗೆ ತರಬೇತಿ ಕೊಟ್ಟು, ರೇಸಿನ ಹೊತ್ತಿಗೆ ವಾಹನ ನಿಲ್ಲಿಸುವ ಅಧಿಕಾರವನ್ನು ಪೊಲೀಸ್ ಇಲಾಖೆಯೇ ಕೊಡುವ ವ್ಯವಸ್ಥೆ ಇದೆ. ಅಷ್ಟು ದೂರ ಹೋಗುವುದು ಬೇಡ, ಬೆಂಗಳೂರಿನಲ್ಲಿ ಸಂಚಾರ ಪೊಲೀಸರ ಜೊತೆ ನಿಲ್ಲುವ ಟ್ರಾಫಿಕ್ ವಾರ್ಡನ್‌ಗಳು ಸ್ವಯಂಸೇವಕರೇ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೊಂದು ದಿನ, ಹಂಗಾಮು ಸುರುವಾಗುವ ಮೊದಲು, ತಮ್ಮ ಸಂಚಾರ ಪೊಲೀಸರೊಬ್ಬರು ಬಂದು ಕೈಸನ್ನೆ ಹೇಗೆ, ಎಲ್ಲಿ ನಿಲ್ಲಬೇಕು, ಅಪಘಾತವಾದರೆ ಮೊದಲು ಏನು ಎಂದು ಕಲಿಸಲಿ. ಕಲಿತವರಿಗೆ ಇಲಾಖೆಯ ಮೊಹರು ಬಿದ್ದ ಒಂದು ಗುರುತಿನ ಚೀಟಿ ಕೊಡಿ. ದೊಡ್ಡ ಕ್ರಾಸ್‌ಗಳಲ್ಲಿ ಮಾತ್ರ ಪೇದೆ ಇರಲಿ, ಮಿಕ್ಕದ್ದನ್ನು ಚೀಟಿ ಇರುವವರು ನೋಡಿಕೊಳ್ಳುತ್ತಾರೆ. ಇದರಿಂದ ತಮ್ಮ ಸಿಬ್ಬಂದಿಯ ಭಾರವೂ ಇಳಿಯುತ್ತದೆ. ಚೀಟಿ ಸಿಕ್ಕವರು ಜಾತ್ರೆಗೆ, ಉರುಸಿಗೆ, ಗಣಪತಿ ಬಿಡುವ ದಿನಕ್ಕೂ ಒದಗುತ್ತಾರೆ. ಅನುಮತಿ ಪತ್ರ ರೇಸಿನ ಹಿಂದಿನ ರಾತ್ರಿಯ ಬದಲು ಒಂದು ವಾರ ಮೊದಲು ಕೈಗೆ ಬಂದರೆ ಕಾರ್ಖಾನೆಗಳಿಗೂ ತಿಳಿಸಬಹುದು. ಆ ದಾರಿಯ ಟ್ರ್ಯಾಕ್ಟರುಗಳ ಪಾಳಿಯನ್ನು ಎರಡು ತಾಸು ಹಿಂದೆ ಮುಂದೆ ಮಾಡುವುದು ಅವರಿಗೆ ಕಷ್ಟವಲ್ಲ.

"ಏನರೆ ಆದ್ರ ಕೇಸ್ ನಮ್ಮ ಮ್ಯಾಲೆ ಬರತೈತಿ" ಎಂಬ ಅಂಜಿಕೆ ಬಹಳ ಜನಕ್ಕಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮು ಅಪಘಾತದಲ್ಲಿ ಗಾಯಗೊಂಡವರಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರನ್ನು ಕಾಪಾಡುತ್ತದೆ. ಆಸ್ಪತ್ರೆಗೆ ಸೇರಿಸಿದ್ದಕ್ಕೆ ನಿಮ್ಮ ಮೇಲೆ ಯಾವ ದಾವೆಯೂ ಇಲ್ಲ, ಇಷ್ಟವಿಲ್ಲದಿದ್ದರೆ ಹೆಸರು ಹೇಳುವ ಒತ್ತಾಯವೂ ಇಲ್ಲ. ಆಂಬುಲೆನ್ಸ್ ಇಲ್ಲದೆ ನಾವು ರೇಸ್ ಬಿಡುವುದಿಲ್ಲ. 108ರ ಗಾಡಿಯನ್ನು ರೇಸಿಗೆಂದು ಕಟ್ಟಿಹಾಕುವುದು ತಪ್ಪು, ಅದು ಊರಿನ ಹೆರಿಗೆ, ಹೃದಯಾಘಾತಕ್ಕೆ ಇರಬೇಕಾದದ್ದು. ಬಾಡಿಗೆಗೆ ಒಂದೇ ಗಾಡಿ ತರಲು ಆಗುತ್ತದೆ. ಅದು ಒಬ್ಬನನ್ನು ಹೊತ್ತು ಹೋದರೆ ಮರಳಿ ಬರುವ ತನಕ ರೇಸ್ ನಿಲ್ಲಿಸಬೇಕು. ಯಾವುದಾದರೂ ಆಸ್ಪತ್ರೆಯವರು ಎರಡನೆಯ ಗಾಡಿ ಕೊಟ್ಟರೆ ಬ್ಯಾನರಿನ ಮೇಲೆ ನಿಮ್ಮ ಹೆಸರನ್ನು ಮುಖಂಡರ ಫೋಟೊಕ್ಕಿಂತ ದೊಡ್ಡದಾಗಿ ಹಾಕಿಸುವ ಜವಾಬ್ದಾರಿ ನನ್ನದು.

ಕ್ಲಬ್ಬಿನ ಹುಡುಗರೂ ಇದನ್ನು ಓದುತ್ತಾರೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಹೊರದೇಶದ ಎಷ್ಟೋ ಕ್ಲಬ್ಬುಗಳಲ್ಲಿ ವರ್ಷಕ್ಕೆ ಒಂದೆರಡು ಸಲ ಮಾರ್ಷಲ್ ಆಗಿ ನಿಂತವನಿಗೇ ಕ್ಲಬ್ಬಿನ ರೇಸಿನಲ್ಲಿ ಓಡುವ ಹಕ್ಕು. ಇಲ್ಲೂ ಅದೇ ಬರಲಿ ಎಂದು ಮುಂದಿನ ಸಭೆಯಲ್ಲಿ ಕೇಳುವವಳಿದ್ದೇನೆ. ಕಾಲು ಉಳುಕಿ ಓಡಲಾಗದೆ ಕುಳಿತವರು, ವಯಸ್ಸು ಮೀರಿತೆಂದು ಸೈಕಲ್ ಮಾರಿದವರು, ಸೋತು ಸಿಟ್ಟಿನಿಂದ ಬಿಟ್ಟವರು ಈ ಊರಲ್ಲಿ ಬೇಕಾದಷ್ಟಿದ್ದಾರೆ. ಗುಂಪು ಯಾವ ತಿರುವಿನಲ್ಲಿ ಹಿಗ್ಗುತ್ತದೆ, ಎಲ್ಲಿ ಬೀಳುತ್ತದೆ ಎಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಮನೆಯಲ್ಲಿ ಕುಳಿತು ರೇಸ್ ಹೀಗೆ ನಡೆಸಬೇಕಿತ್ತು, ಹಾಗೆ ನಡೆಸಬೇಕಿತ್ತು ಅನ್ನುವ ಬದಲು ಬಂದು ನಡೆಸಿ ತೋರಿಸಿ.

ಬರುವವರಿಗೆ ಸಂಭಾವನೆ ಇಲ್ಲ. ಉಪ್ಪಿಟ್ಟು, ಚಹಾ, ಬಾಳೆಹಣ್ಣು, ಒಂದು ಟೊಪ್ಪಿಗೆ, ದೂರದ ಕ್ರಾಸಿಗೆ ಹೋಗುವವರಿಗೆ ಪೆಟ್ರೋಲ್ ಖರ್ಚು ಉಂಟು. ಶಿಳ್ಳೆ, ಬಾವುಟ, ಹೊಳೆಯುವ ಅಂಗಿ ನಾವು ಕೊಟ್ಟು ವಾಪಸ್ ತೆಗೆದುಕೊಳ್ಳುತ್ತೇವೆ. ಹೋದ ಸಲ ಶಿಳ್ಳೆಗಳು ಅರ್ಧವೂ ಮರಳಿ ಬರಲಿಲ್ಲ, ಮಕ್ಕಳಿರುವ ಮನೆ ಎಂದು ಸುಮ್ಮನಾದೆವು. ನಿಮ್ಮ ಹೆಸರು, ಊರು, ಮೊಬೈಲ್ ನಂಬರ್, ರಕ್ತದ ಗುಂಪು, ಬೈಕ್ ಇದೆಯೋ ಇಲ್ಲವೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ನಿಮ್ಮೂರ ಹೈಸ್ಕೂಲಿನ ಪಿ.ಟಿ. ಮಾಸ್ತರರ ಕೈಗೆ ಕೊಡಿ, ನನಗೆ ಮುಟ್ಟುತ್ತದೆ. ನಿಮ್ಮ ಮನೆಗೆ ಹತ್ತಿರದ ಕ್ರಾಸನ್ನೇ ಕೊಡುತ್ತೇವೆ. ಹದಿನೆಂಟರ ಒಳಗಿನವರು ತಂದೆ ತಾಯಿಯ ಸಹಿ ತರಬೇಕು, ಅವರಿಗೆ ರಸ್ತೆಯ ಬದಲು ನೀರು ಮತ್ತು ನಂಬರಿನ ಕೆಲಸ. ಚೀಟಿ ಕೊಟ್ಟವರನ್ನು ರೇಸಿನ ಹಿಂದಿನ ಭಾನುವಾರ ಕರೆದು ದಾರಿ ತೋರಿಸುತ್ತೇವೆ, ಆವತ್ತು ತಪ್ಪಿಸಬೇಡಿ.

ಇಂತಿ,
ಜಮಖಂಡಿಯ ಸೈಕಲ್ ಕ್ಲಬ್ಬಿನಲ್ಲಿ ಗಡಿಯಾರ ನೋಡುವ ಒಬ್ಬ ಶಿಕ್ಷಕಿ